ಹೋಗಿ ಬರುತ್ತೇನೆ ಎಂದು ಬರೆದ ರಾಜೀನಾಮೆ

ಆ ದೇಶದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕೇಸು ಇನ್ನೂ ಕೋರ್ಟಿನಲ್ಲಿದೆ, ಬಾಯಿ ಮುಚ್ಚಿಕೊಂಡಿರಿ ಎಂದು ವಕೀಲೆ ಹೇಳಿದ್ದಾಳೆ. ನನಗೋ ಹುಟ್ಟಿದಾಗಿನಿಂದ ಬಾಯಿ ಮುಚ್ಚಿಕೊಂಡು ಗೊತ್ತಿಲ್ಲ. ಆದ್ದರಿಂದ ದೇಶ, ಊರು, ಆಸ್ಪತ್ರೆ ಯಾವುದರ ಹೆಸರೂ ಬೇಡ, ನಡೆದದ್ದನ್ನಷ್ಟೇ ಹೇಳುತ್ತೇನೆ. ಹೇಳದಿದ್ದರೆ ನನ್ನ ತಲೆ ಒಡೆದು ಹೋದೀತು.

ನಾನು ಡಾಕ್ಟರ್. ಓದಿದ್ದು ಮಂಗಳೂರಿನಲ್ಲಿ, ಬರೀ ಎಂಬಿಬಿಎಸ್. ಮದುವೆಯಾಗಿ ಕತಾರಿಗೆ ಬಂದೆ. ನಮ್ಮವರಿಗೆ ದುಖಾನ್‌ನಲ್ಲಿ ಎಣ್ಣೆ ಕಂಪನಿಯ ಕೆಲಸ. ವಾರವಿಡೀ ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದು ಗುರುವಾರ ಸಂಜೆ ಐನ್ ಖಾಲಿದ್‌ನ ಮನೆಗೆ ಬರುತ್ತಾರೆ. ಮನೆಯಲ್ಲಿ ನಾನು ಮತ್ತು ಹತ್ತು ವರ್ಷದ ಮಗಳು. ಹನ್ನೊಂದು ವರ್ಷ ನಾನು ದೋಹಾ ಅಲ್ ಜದೀದಾದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೂತೆ. ಶೀತ, ಕೆಮ್ಮು, ಬೆನ್ನುನೋವು, ಸಿಕ್ ಲೀವಿನ ಚೀಟಿ. ಸ್ವಲ್ಪ ಹೆಚ್ಚುಕಡಿಮೆ ಇರುವ ಮಗು ಬಂತೆಂದರೆ ಒಂದು ಕಾಗದ ಗೀಚಿ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಅಷ್ಟೇ ನನ್ನ ಅಧಿಕಾರ.

ಒಂದು ದಿನ ಎಂಟು ತಿಂಗಳ ಮಗುವನ್ನು ಎತ್ತಿಕೊಂಡು ಒಬ್ಬ ತಾಯಿ ಬಂದಳು. ಉಸಿರಿಗೊಮ್ಮೆ ಮಗುವಿನ ಪಕ್ಕೆ ಒಳಕ್ಕೆ ಎಳೆಯುತ್ತಿತ್ತು. ಏನಾಗಿದೆ ಎಂದು ನನಗೆ ಗೊತ್ತಿತ್ತು, ಏನು ಮಾಡಬೇಕೆಂದೂ ಗೊತ್ತಿತ್ತು. ಮಾಡುವ ಹಕ್ಕು ಮಾತ್ರ ಇರಲಿಲ್ಲ. ಆಂಬುಲೆನ್ಸಿಗೆ ಕಾಯುವಾಗ ಆ ಹೆಂಗಸು ನನ್ನ ಕೈ ಹಿಡಿದು, ನೀವೇ ನೋಡಿ ಡಾಕ್ಟರ್, ನೀವೇ ನೋಡಿ ಎನ್ನುತ್ತಿದ್ದಳು. ಮಗು ಉಳಿಯಿತು, ಅಲ್‌ಹಮ್ದುಲಿಲ್ಲಾ. ಆದರೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಮಕ್ಕಳ ಡಾಕ್ಟರ್ ಆಗದೆ ಸಾಯುವುದಿಲ್ಲ ಎಂದುಕೊಂಡೆ. ಆಗ ನನಗೆ ಮೂವತ್ತೇಳು ವರ್ಷ.

ಹೆಸರು ಬರೆಯುವುದಿಲ್ಲ ಎಂದೆನಲ್ಲ, ಆ ದೇಶದ ಪರೀಕ್ಷೆಗಳನ್ನು ಬರೆಯತೊಡಗಿದೆ. ಸ್ಕೂಲಿನ ಗೇಟಿನ ಹೊರಗೆ ಕಾರಿನಲ್ಲಿ ಎಸಿ ಹಾಕಿಕೊಂಡು ಓದಿದೆ, ಎರಡು ರೋಗಿಗಳ ನಡುವೆ ಓದಿದೆ, ಅನ್ನ ಬೇಯುವಾಗ ಓದಿದೆ. ಒಂದು ಪರೀಕ್ಷೆಯಲ್ಲಿ ನಪಾಸಾಗಿ ಮತ್ತೆ ಬರೆದೆ. ನಾಲ್ಕನೆಯ ವರ್ಷ ಒಂದು ಸಣ್ಣ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ತರಬೇತಿಯ ಸೀಟು ಸಿಕ್ಕಿತು. ನಲವತ್ತೊಂದು ವರ್ಷದವಳಿಗೆ, ಇಷ್ಟು ವರ್ಷ ಕೆಮ್ಮಿನ ಸಿರಪ್ ಬರೆದವಳಿಗೆ, ಸೀಟು! ಇಮೇಲನ್ನು ಮೂರು ಸಲ ಓದಿ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಮಗಳು ಯಾರೋ ತೀರಿಹೋದರೆಂದು ಹೆದರಿದಳು.

ಕ್ಲಿನಿಕ್ಕಿಗೆ ರಾಜೀನಾಮೆ ಕೊಟ್ಟೆ. ನನ್ನ ಲೈಸೆನ್ಸು ಆ ಕ್ಲಿನಿಕ್ಕಿನ ಹೆಸರಿನಲ್ಲೇ ಇದ್ದದ್ದು, ಅದು ರದ್ದಾಯಿತು. ಕತಾರಿನ ವಾಸದ ಕಾರ್ಡನ್ನು ನಮ್ಮವರ ಹೆಸರಿನ ಅಡಿಗೆ ಬದಲಿಸಿಕೊಂಡೆ. ಮಗಳ ಟಿಸಿ ತೆಗೆಸಿದೆ. ಎಲ್ಲ ಮುಗಿಸಿ ಹದಿನೈದು ದಿನವಾಗಿರಲಿಲ್ಲ, ಆ ದೇಶದವರು ನಿಯಮ ಬದಲಿಸಿದರು. ನಮ್ಮ ದೇಶವೂ ಸೇರಿ ಇಂತಿಂಥ ದೇಶಗಳಲ್ಲಿ ಓದಿದ ಡಾಕ್ಟರುಗಳಿಗೆ ತರಬೇತಿಯ ವೀಸಾ ಕೊಡುವುದನ್ನು ಮುಂದಿನ ಸೂಚನೆಯವರೆಗೆ ನಿಲ್ಲಿಸಲಾಗಿದೆ. ಆಗಲೇ ಸೀಟು ಸಿಕ್ಕವರಿಗೂ ಇದು ಅನ್ವಯ. ಅಷ್ಟೇ. ಎರಡು ಸಾಲು. ನಾಲ್ಕು ವರ್ಷದ ನನ್ನ ಓದಿಗೆ ಎರಡು ಸಾಲು!

ಆಸ್ಪತ್ರೆಯವರು ಒಳ್ಳೆಯವರು. ಸೀಟನ್ನು ಎರಡು ತಿಂಗಳು ಹಿಡಿದಿಡುತ್ತೇವೆ, ಅಷ್ಟರೊಳಗೆ ಬಂದು ಸೇರಿ, ಅದಾದ ಮೇಲೆ ನಮ್ಮ ಕೈಯಲ್ಲಿಲ್ಲ ಎಂದು ಬರೆದರು. ಈ ವಯಸ್ಸಿಗೆ ಇನ್ನೊಂದು ಸೀಟು ನನಗೆ ಯಾರೂ ಕೊಡುವುದಿಲ್ಲ. ಅದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆಗಲೇ ಕೇಸಿನ ಸುದ್ದಿ ಸಿಕ್ಕಿದ್ದು. ನಮ್ಮಂತೆ ಸಿಕ್ಕಿಬಿದ್ದ ಡಾಕ್ಟರುಗಳು ಸೇರಿ ಅಲ್ಲಿನ ಕೋರ್ಟಿನಲ್ಲಿ ನಿಯಮವನ್ನು ಪ್ರಶ್ನಿಸುವುದು ಎಂದಾಗಿತ್ತು. ನಾನು ತಕ್ಷಣ ಸೇರಿದೆ. ಪರೀಕ್ಷೆಯ ಕೇಂದ್ರದಲ್ಲಿ ಪರಿಚಯವಾಗಿದ್ದ ಮೈಸೂರಿನ ಡಾಕ್ಟರನ್ನೂ ಎಳೆದುಕೊಂಡೆ. ಅವನು ನನಗಿಂತ ಹತ್ತು ವರ್ಷ ಚಿಕ್ಕವನು, ಇಲ್ಲೇ ಇನ್ನೊಂದು ಕ್ಲಿನಿಕ್ಕಿನಲ್ಲಿದ್ದ, ಅವನದೂ ಇದೇ ಪಾಡು.

“ಕೋರ್ಟು ಗೀರ್ಟು ಅಂದ್ರೆ ಭಯ ಆಗುತ್ತೆ ಮೇಡಮ್. ಆಮೇಲೆ ಬ್ಲ್ಯಾಕ್‌ಲಿಸ್ಟ್ ಮಾಡ್ಬಿಟ್ರೆ?” ಎಂದ.

“ಈಗ ಎಂಥ ಹಾರ ಹಾಕಿ ಕರೀತಿದ್ದಾರಾ ಡಾಕ್ಟ್ರೇ? ಸುಮ್ಮನೆ ಸಹಿ ಹಾಕಿ,” ಎಂದು ಗದರಿದೆ. ಹಾಕಿದ. ಒಟ್ಟು ಹದಿನಾರು ಜನರಾದೆವು.

ವಕೀಲೆ ಚಿಕ್ಕ ವಯಸ್ಸಿನ ಹೆಂಗಸು, ವೀಡಿಯೋ ಕಾಲಿನಲ್ಲೇ ಎಲ್ಲ ಮಾತು. ಅಲ್ಲಿ ಬೆಳಗಾಗುವಾಗ ನಮಗಿಲ್ಲಿ ಸಂಜೆ ನಾಲ್ಕು ಗಂಟೆ. ಅವಳು ಮೊದಲ ದಿನವೇ ತಿಳಿಸಿ ಹೇಳಿದಳು: ಪೂರ್ತಿ ಕೇಸು ವರ್ಷಗಟ್ಟಲೆ ನಡೆಯುತ್ತದೆ, ನಮಗೆ ಬೇಕಾದದ್ದು ತಡೆಯಾಜ್ಞೆ. ಅದು ಸಿಗಬೇಕಾದರೆ ಈ ನಿಯಮದಿಂದ ನಮಗೆ ಮತ್ತೆ ತುಂಬಿಕೊಳ್ಳಲಾಗದ ನಷ್ಟವಾಗುತ್ತಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗಬೇಕು. ನೀವು ಏನೇನು ಬಿಟ್ಟುಕೊಟ್ಟಿದ್ದೀರಿ, ಹಿಂದಿರುಗಲು ದಾರಿಯಿಲ್ಲ ಎನ್ನುವುದಕ್ಕೆ ಏನು ಸಾಕ್ಷಿ, ಎಲ್ಲ ಕಳಿಸಿ ಎಂದಳು. ನಾನು ಕಳಿಸಿದೆ. ರದ್ದಾದ ಲೈಸೆನ್ಸು, ಮಗಳ ಟಿಸಿ, ಎಲ್ಲಕ್ಕಿಂತ ಮೇಲೆ ನನ್ನ ರಾಜೀನಾಮೆ ಪತ್ರ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು, ಚೆಂದದ ಇಂಗ್ಲಿಷಿನಲ್ಲಿ ನಾನೇ ಕೂತು ಬರೆದದ್ದು.

ವಿಚಾರಣೆಗೆ ಆರು ದಿನ ಇರುವಾಗ, ಒಂದು ಗುರುವಾರ, ವಕೀಲೆಯ ಕರೆ ಬಂತು. ಮುಖ ಬಿಗಿದುಕೊಂಡಿದ್ದಳು.

“ಸರ್ಕಾರದ ಕಡೆಯವರು ಉತ್ತರ ಹಾಕಿದ್ದಾರೆ. ನಿಮ್ಮೊಬ್ಬರ ಬಗ್ಗೆಯೇ ಎರಡು ಪುಟ ಬರೆದಿದ್ದಾರೆ. ನಿಮ್ಮ ಪತ್ರದ ಕೊನೆಯ ಸಾಲನ್ನು ಒಮ್ಮೆ ಓದುತ್ತೀರಾ?”

ಓದಿದೆ. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: ಇಷ್ಟು ವರ್ಷ ಮನೆಯವಳಂತೆ ನೋಡಿಕೊಂಡಿರಿ, ನಿಮ್ಮ ಪ್ರೀತಿ ಹೀಗೆಯೇ ಇರಲಿ, ನಾನು ಹೋಗಿ ಬರುತ್ತೇನೆ.

“ಇದರಲ್ಲಿ ಎಂಥ ಉಂಟು?” ಎಂದು ನನ್ನ ಬಾಯಿಂದ ಕನ್ನಡವೇ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದೆ.

“ನೀವು ವಾಪಸು ಬರುತ್ತೇನೆ ಎಂದು ಬರೆದಿದ್ದೀರಿ. ಕೆಲಸ ಬಿಟ್ಟೇ ಇಲ್ಲ, ರಜೆಯ ಮೇಲೆ ಹೋದ ಹಾಗೆ ಹೋಗಿದ್ದಾರೆ, ಇವರಿಗೆ ಯಾವ ನಷ್ಟವೂ ಇಲ್ಲ ಎನ್ನುವುದು ಅವರ ವಾದ. ಹೇಳಿ, ಯಾವಾಗ ವಾಪಸು ಬರುತ್ತೇನೆಂದು ಮಾತಾಗಿತ್ತು?”

ಯಾವಾಗ! ನನಗೆ ನಗು ಬಂತು. ಎರಡೇ ಕ್ಷಣ. ನಮ್ಮ ಕಡೆ ಹೊಸ್ತಿಲು ದಾಟುವಾಗ ಯಾರಾದರೂ “ಹೋಗ್ತೇನೆ” ಎನ್ನುತ್ತಾರೆಯೇ? ಅಂದರೆ ದೊಡ್ಡವರು ಬಾಯಿಯ ಮೇಲೆ ಹೊಡೆಯುತ್ತಾರೆ. ಹೋದರು ಎಂದರೆ ಸತ್ತರು ಎಂದೇ ಅರ್ಥ. ಮೀನಿನ ಅಂಗಡಿಯಿಂದ ಹೊರಡುವಾಗಲೂ ಹೋಗಿ ಬರ್ತೇನೆ, ಜನ್ಮದಲ್ಲಿ ಮತ್ತೆ ಕಾಲಿಡದ ಮನೆಯಿಂದ ಹೊರಡುವಾಗಲೂ ಹೋಗಿ ಬರ್ತೇನೆ. ನಮ್ಮ ಮನೆಯ ಬ್ಯಾರಿ ಮಾತಿನಲ್ಲೂ ಹಾಗೆ, ನೆರೆಮನೆಯ ತುಳುವಿನಲ್ಲೂ ಹಾಗೆ. ನಮ್ಮ ಕ್ಲಿನಿಕ್ಕಿನ ಮ್ಯಾನೇಜರ್ ಮಲಯಾಳಿ. ಪತ್ರ ಓದಿ ಕಣ್ಣೊರೆಸಿಕೊಂಡು “ಪೋಯಿ ವರೂ ಡಾಕ್ಟರ್”, ಹೋಗಿ ಬನ್ನಿ ಎಂದು ಕಳಿಸಿಕೊಟ್ಟಿದ್ದರು. ಅವರಿಗೆ ಸರಿಯಾಗಿಯೇ ಅರ್ಥವಾಗಿತ್ತು. ಮರುವಾರವೇ ನನ್ನ ಜಾಗಕ್ಕೆ ಜಾಹೀರಾತು ಕೊಟ್ಟಿದ್ದರು.

ಇದನ್ನೆಲ್ಲ ವಕೀಲೆಗೆ ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಇದು ಕಟ್ಟುಕತೆಯಂತೆ ಕೇಳಿಸತೊಡಗಿತು. ಅವಳು ಬರೆದುಕೊಂಡಳು. “ನಾನು ನಂಬುತ್ತೇನೆ. ನ್ಯಾಯಾಧೀಶರಿಗೆ ಇದು ಸಮಜಾಯಿಷಿ ಅನಿಸಬಾರದು ಅಷ್ಟೇ. ಕೆಲಸ ಮುಗಿದಿದೆ, ಹಿಂದಿರುಗುವ ಮಾತಿಲ್ಲ ಎಂದು ಕ್ಲಿನಿಕ್ಕಿನಿಂದ ಒಂದು ಪತ್ರ ತರಿಸಿ,” ಎಂದಳು.

ಆ ಸಂಜೆ ನಮ್ಮವರು ಬಂದರು. ದುಖಾನ್‌ನಿಂದ ಅಷ್ಟು ದೂರ ಕಾರು ಓಡಿಸಿ ಬಂದ ಮನುಷ್ಯನಿಗೆ ಒಂದು ಲೋಟ ನೀರೂ ಕೊಡದೆ ಎಲ್ಲ ಒದರಿದೆ. ನಾವು ಮಾತಾಡುವುದು ಬ್ಯಾರಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪತ್ರ ಕೊಡುವ ಮೊದಲು ಅವರಿಗೇ ತೋರಿಸಿದ್ದೆ, ಚೆಂದ ಉಂಟು ಎಂದಿದ್ದರು.

“ನೀವಾದ್ರೂ ಹೇಳ್ಬೇಕಿತ್ತಲ್ಲ!”

“ಎಂಥ ಹೇಳುವುದು? ನಾನು ಬರೆದಿದ್ರೂ ಹಾಗೇ ಬರೀತಿದ್ದೆ.” ಬೂಟು ಬಿಚ್ಚಿ ಬದಿಗಿಟ್ಟರು. “ಒಂದು ಕೆಲಸ ಮಾಡು. ಕ್ಲಿನಿಕ್ಕಿನ ಟೈಪಿಸ್ಟ್ ಬರೆದದ್ದು, ನಾನು ಓದದೆ ಸಹಿ ಹಾಕಿದ್ದು ಅಂತ ಹೇಳಿಬಿಡು. ಖಲಾಸ್. ಅಲ್ಲಿಂದ ಇಲ್ಲಿಗೆ ಯಾರು ಬರ್ತಾರೆ ನೋಡ್ಲಿಕ್ಕೆ?”

“ಪ್ರಮಾಣ ಮಾಡಿ ಹೇಳ್ಬೇಕು.”

“ನಿನ್ನ ಇಷ್ಟ ಮಾರಾಯ್ತಿ. ನೀನು ಹೀಗೆ ಕೂತಿರೋದನ್ನು ನೋಡ್ಲಿಕ್ಕೆ ಆಗುವುದಿಲ್ಲ ನಂಗೆ.”

ಸುಳ್ಳೇಕೆ, ಬರೆದೆ. ಮರುದಿನ ಅವರು ಜುಮಾ ನಮಾಜಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು, ಟೈಪಿಸ್ಟ್ ಬರೆದದ್ದು ಎಂದು ಪೂರ್ತಿ ಒಂದು ಪ್ಯಾರಾ ಬರೆದೆ. ನಮ್ಮ ಕ್ಲಿನಿಕ್ಕಿನಲ್ಲಿ ಟೈಪಿಸ್ಟೇ ಇರಲಿಲ್ಲ. ಇಲ್ಲದ ಮನುಷ್ಯನ ತಲೆಗೆ ನನ್ನ ತಪ್ಪನ್ನು ಕಟ್ಟಲು ಕೂತಿದ್ದೆ, ನಾಚಿಕೆಗೆಟ್ಟವಳು. ಅವರು ಮಸೀದಿಯಿಂದ ಬರುವ ಮೊದಲು ಅಳಿಸಿಹಾಕಿದೆ. ಒಳ್ಳೆಯತನದಿಂದೇನೂ ಅಲ್ಲ, ಸಿಕ್ಕಿಬಿದ್ದರೆ ಉಳಿದ ಹದಿನೈದು ಜನರೂ ಮುಳುಗುತ್ತಾರೆ ಎಂಬ ಭಯದಿಂದ.

ಶನಿವಾರ ಕ್ಲಿನಿಕ್ಕಿಗೆ ಹೋದೆ. ಮ್ಯಾನೇಜರ್ ಸುಲೈಮಾನಿ ಚಹಾ ತರಿಸಿದರು, ಮಗಳನ್ನು ವಿಚಾರಿಸಿದರು. ವಿಷಯ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು. “ಅಷ್ಟೂ ಗೊತ್ತಾಗೋದಿಲ್ವಾ ಅವರಿಗೆ?” ಎಂದು ಹಿಂದಿಯಲ್ಲಿ ಬೈದು, ಆಗಲೇ ಕೂತು ತಮ್ಮ ಲೆಟರ್‌ಹೆಡ್ಡಿನಲ್ಲಿ ಪತ್ರ ಬರೆದು ಸೀಲು ಹಾಕಿಕೊಟ್ಟರು. ನಾನು ಅಲ್ಲೇ ಓದಿದೆ. ಡಾಕ್ಟರನ್ನು ಇಂಥ ದಿನ ಸೇವೆಯಿಂದ ಬಿಡುಗಡೆ ಮಾಡಲಾಗಿದೆ, ಅವರ ಲೈಸೆನ್ಸು ರದ್ದಾಗಿದೆ, ಹುದ್ದೆಗೆ ಬೇರೆಯವರನ್ನು ತೆಗೆದುಕೊಳ್ಳಲಾಗಿದೆ. ಎಲ್ಲ ಸರಿಯಿತ್ತು. ನನ್ನ ಗುಣನಡತೆಯ ಬಗ್ಗೆ ಎರಡು ಒಳ್ಳೆಯ ಮಾತು ಬೇರೆ. ಅವರಿಗೆ ನೂರು ಸಲ ಥ್ಯಾಂಕ್ಸ್ ಹೇಳಿ ಕಾರಿಗೆ ಬಂದು ಅಲ್ಲಿಂದಲೇ ಫೋಟೋ ತೆಗೆದು ಕಳಿಸಿದೆ. ಎರಡು ದಿನದ ಮೇಲೆ ಮೊದಲ ಸಲ ಹೊಟ್ಟೆ ತುಂಬಾ ಊಟ ಮಾಡಿದೆ.

ಸೋಮವಾರ ನಾಲ್ಕು ಗಂಟೆಗೆ ವಕೀಲೆ ಮತ್ತೆ ತೆರೆಯ ಮೇಲೆ ಬಂದಳು. ಬುಧವಾರ ವಿಚಾರಣೆ. ನಾನು ನಗುನಗುತ್ತಾ ಸಿಕ್ಕಿತಾ ಎಂದು ಕೇಳಿದೆ.

“ಸಿಕ್ಕಿತು. ಕೊನೆಯ ಸಾಲು ನೋಡಿದಿರಾ?”

ಯಾ ಅಲ್ಲಾ, ಮತ್ತೆ ಕೊನೆಯ ಸಾಲು.

ಮ್ಯಾನೇಜರ್ ಬರೆದಿದ್ದರು: ನಮ್ಮ ಬಾಗಿಲು ಡಾಕ್ಟರಿಗೆ ಯಾವಾಗಲೂ ತೆರೆದಿದೆ, ಅವರ ಕುರ್ಚಿ ಅವರಿಗಾಗಿ ಇಲ್ಲಿ ಇದ್ದೇ ಇರುತ್ತದೆ.

ಈ ಸಾಲನ್ನು ನಾನು ಶನಿವಾರ ಓದಿದ್ದೆ. ಓದಿ ಕಣ್ಣು ತುಂಬಿ ಬಂದಿತ್ತು. ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡಿದ್ದೆ. ಹೋಗಿ ಬರುತ್ತೇನೆಯಿಂದ ಇಷ್ಟು ಪೆಟ್ಟು ತಿಂದವಳು, ಎರಡನೆಯ ಸಲವೂ ನನಗೆ ಅದರಲ್ಲಿ ತಪ್ಪು ಕಾಣಿಸಲೇ ಇಲ್ಲ! ಆ ಕುರ್ಚಿಯಲ್ಲಿ ಆಗಲೇ ಬೇರೊಬ್ಬಳು ಡಾಕ್ಟರ್ ಕೂತಿದ್ದಳು, ನಾನು ಕಣ್ಣಾರೆ ನೋಡಿ ಬಂದಿದ್ದೆ. ಬರೆದವರಿಗೂ ಗೊತ್ತು, ಓದಿದ ನನಗೂ ಗೊತ್ತು, ಅದು ಬರೀ ಮರ್ಯಾದೆಯ ಮಾತು. ತೆರೆಯ ಮೇಲಿದ್ದ ವಕೀಲೆಗೆ ಮಾತ್ರ ಅದು ಖಾಲಿ ಕುರ್ಚಿ.

“ಇನ್ನೊಂದು ಬರೆಸಿಕೊಂಡು ಬರ್ತೇನೆ. ಇವತ್ತೇ. ಒಂದು ಗಂಟೆ ಕೊಡಿ,” ಎಂದೆ.

“ಮೂರನೆಯ ಪತ್ರ ತಂದರೆ ಹೇಳಿ ಬರೆಸಿದ್ದು ಎನ್ನುತ್ತಾರೆ.” ಅವಳು ಕನ್ನಡಕ ತೆಗೆದಳು. “ನಿಮಗೆ ಇದನ್ನು ಹೇಳುವುದು ನನಗೆ ತುಂಬಾ ಕಷ್ಟ. ನೀವು ಅರ್ಜಿಯಲ್ಲಿದ್ದರೆ ಅವರು ಬುಧವಾರ ನಿಮ್ಮೊಬ್ಬರನ್ನೇ ಹಿಡಿದು ಜಗ್ಗುತ್ತಾರೆ. ಇವರದು ಹೀಗೆ, ಹಾಗಾದರೆ ಉಳಿದ ಹದಿನೈದು ಜನರದೂ ಹೀಗೆಯೇ ಇರಬೇಕು ಎನ್ನುತ್ತಾರೆ. ನೀವು ಹಿಂದೆ ಸರಿದರೆ ಒಳ್ಳೆಯದು. ಗೆದ್ದರೆ ನಿಯಮಕ್ಕೇ ತಡೆ ಸಿಗಬಹುದು, ಆಗ ನಿಮಗೂ ವೀಸಾ ಸಿಗುತ್ತದೆ. ಆದರೆ ಭರವಸೆ ಕೊಡಲಾರೆ. ತೀರ್ಮಾನ ನಿಮ್ಮದು, ನಾಳೆ ಬೆಳಗಿನೊಳಗೆ ಹೇಳಿ.”

ನಾನು ಜಗಳಾಡಿದೆ. ಬೇಡಿಕೊಂಡೆ. ನನ್ನ ಭಾಷೆ ಬಲ್ಲ ಒಬ್ಬ ಪ್ರೊಫೆಸರನ್ನು ಹುಡುಕಿ ಕೋರ್ಟಿಗೆ ಕರೆಸಿ ಎಂದೆ. ನಮ್ಮ ಊರಿನ ಯಾವ ಮಗುವನ್ನು ಬೇಕಾದರೂ ಕೇಳಿ ಎಂದೆ. ಅವಳು ಎಲ್ಲ ಕೇಳಿಸಿಕೊಂಡಳು, ಅದೇ ಇನ್ನೂ ಸಿಟ್ಟು ಬರಿಸಿತು.

ಕಾಲ್ ಮುಗಿದ ಮೇಲೆ ಮೈಸೂರಿನ ಡಾಕ್ಟರಿಗೆ ಫೋನು ಮಾಡಿದೆ. ವಿಷಯ ಅವನಿಗೆ ಆಗಲೇ ಗೊತ್ತಾಗಿತ್ತು.

“ನಾನೇನ್ ಹೇಳ್ಲಿ ಮೇಡಮ್. ನನ್ನನ್ನ ಕರ್ಕೊಂಡು ಬಂದಿದ್ದೇ ನೀವು,” ಎಂದ. ಬೇಡ ಮೇಡಮ್, ನೀವು ಇರಿ, ಏನಾದರೂ ಆಗಲಿ ಎಂದು ಅವನು ಹೇಳುತ್ತಾನೆಂದು ಕಾದೆ. ಅವನು ಹೇಳಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ. ಆದರೂ ಆ ಕ್ಷಣ ಅವನ ಮೇಲೆ ಹೊಟ್ಟೆ ಉರಿಯಿತು. ಇರುತ್ತೇನೆ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ, ನನಗಿಲ್ಲದ್ದು ನಿಮಗೂ ಬೇಡ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಮಗ್ರಿಬ್ ನಮಾಜಿಗೆ ನಿಂತರೂ ಅದೇ ತಲೆಯಲ್ಲಿ ಓಡುತ್ತಿತ್ತು. ಎಷ್ಟು ರಕಅತ್ ಆಯಿತೆಂದು ಗೊತ್ತಾಗದೆ ಮತ್ತೆ ಮೊದಲಿನಿಂದ ಶುರುಮಾಡಿದೆ.

ಬೆಳಿಗ್ಗೆ ವಕೀಲೆಗೆ ಬರೆದೆ, ನನ್ನ ಹೆಸರು ತೆಗೆಯಿರಿ. ಕಾರಣ ಬರೆಯಲಿಲ್ಲ. ನಿಯಮಕ್ಕೇ ತಡೆ ಸಿಗಬಹುದು ಎಂದಿದ್ದಳಲ್ಲ, ಆ ಒಂದು ಮಾತಿಗೆ ಜೋತುಬಿದ್ದಿದ್ದೆ. ಆ ಎರಡು ದಿನ ನಾನು ದುವಾ ಮಾಡಿದಷ್ಟು ಜೀವಮಾನದಲ್ಲಿ ಮಾಡಿಲ್ಲ.

ಗುರುವಾರ ಮಧ್ಯಾಹ್ನ ಮೈಸೂರಿನವನ ಫೋನು ಬಂತು.

“ಸಿಕ್ಬಿಡ್ತು ಮೇಡಮ್! ಸ್ಟೇ ಸಿಕ್ಬಿಡ್ತು!”

ನಾನು ಕಿರುಚಿದೆ. ಮಗಳು ಓಡಿ ಬಂದಳು. ಅವಳನ್ನು ಅಪ್ಪಿಕೊಂಡು ಕುಣಿದೆ, ನಿಜವಾಗಿಯೂ ಕುಣಿದೆ. ಫೋನಿನಲ್ಲಿ ಅವನು ಮೇಡಮ್, ಮೇಡಮ್ ಎನ್ನುತ್ತಲೇ ಇದ್ದ.

“ಮೇಡಮ್, ಕೇಳಿ... ಅರ್ಜಿಲಿ ಯಾರ್ ಹೆಸರಿದೆಯೋ ಅವ್ರಿಗೆ ಮಾತ್ರ ಅಂತೆ. ಆರ್ಡರ್‌ನಲ್ಲಿ ಹಾಗೇ ಇದೆ. ಸಾರಿ ಮೇಡಮ್. ನಾನು...” ಅವನು ಅಳುತ್ತಿದ್ದ.

“ಒಳ್ಳೇದಾಯ್ತು ಡಾಕ್ಟ್ರೇ. ಹೋಗಿ, ಬೇಗ ವೀಸಾದ ಕೆಲಸ ನೋಡಿ,” ಎಂದು ಫೋನ್ ಇಟ್ಟೆ. ಒಳ್ಳೆಯದಾಯಿತು ಎಂದು ನನಗೆ ಒಂದಿಷ್ಟೂ ಅನಿಸಿರಲಿಲ್ಲ. ಇವತ್ತಿಗೂ ಪೂರ್ತಿ ಅನಿಸಿಲ್ಲ, ಹೇಳುವುದಾದರೆ ಸತ್ಯವನ್ನೇ ಹೇಳಬೇಕು.

ಅಲ್ಲಿನ ಆಸ್ಪತ್ರೆಗೆ ಬರೆದೆ, ಇನ್ನೊಂದು ತಿಂಗಳು ಕೊಡಿ ಎಂದು. ಮತ್ತೆ ಬರೆದೆ, ಹದಿನೈದು ದಿನವಾದರೂ ಕೊಡಿ ಎಂದು. ಗಡುವು ಮುಗಿದ ಮರುದಿನ ಉತ್ತರ ಬಂತು. ಸೀಟನ್ನು ಬೇರೆಯವರಿಗೆ ಕೊಟ್ಟಿದ್ದೇವೆ, ನಿಮಗೆ ಒಳ್ಳೆಯದಾಗಲಿ. ಆ ಪತ್ರದಲ್ಲಿ ಬೇರೆ ಅರ್ಥಕ್ಕೆ ಎಡೆಯೇ ಇರಲಿಲ್ಲ. ಹಳೆಯ ಕ್ಲಿನಿಕ್ಕಿನ ಮ್ಯಾನೇಜರಿಗೆ ಫೋನು ಮಾಡಿ ಕೆಲಸ ಕೇಳಿದಾಗ ಅವರು ಎರಡು ಸಲ ಇನ್ಶಾ ಅಲ್ಲಾ ಎಂದರು. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತು. ಇನ್ನೂ ನಾಲ್ಕು ಕಡೆ ಬಯೋಡೇಟಾ ಕೊಟ್ಟಿದ್ದೇನೆ. ಹೊಸ ಕ್ಲಿನಿಕ್ಕು ಸಿಗದೆ ಲೈಸೆನ್ಸಿಲ್ಲ, ಲೈಸೆನ್ಸಿಲ್ಲದೆ ನೆರೆಮನೆಯ ಮಗುವಿನ ಜ್ವರಕ್ಕೂ ಇಲ್ಲಿ ನಾನು ಒಂದು ಚೀಟಿ ಬರೆಯುವಂತಿಲ್ಲ.

ಮೊನ್ನೆ ಮಗಳನ್ನು ಅದೇ ಸ್ಕೂಲಿಗೆ ಹೊಸದಾಗಿ ಸೇರಿಸಬೇಕಾಯಿತು. ಆಫೀಸಿನ ಹೊರಗಿನ ಬೆಂಚಿನಲ್ಲಿ ಕೂತು ಅವಳೇ ಫಾರ್ಮ್ ತುಂಬಿದಳು. ಅಕ್ಷರ ಗುಂಡಗೆ ಉಂಟು ಅವಳದು. ತಂದೆಯ ಉದ್ಯೋಗ ಬರೆದಳು. ಕೆಳಗಿನ ಸಾಲಿಗೆ ಬಂದು ಪೆನ್ನು ನಿಲ್ಲಿಸಿದಳು.

“ಉಮ್ಮಾ, ನಿನ್ನದ್ದು ಎಂಥ ಬರೀಲಿ?”

“ಡಾಕ್ಟರ್ ಅಂತ ಬರಿ. ಕೇಳುವುದೆಂಥ ಅದರಲ್ಲಿ?”

ಬರೆದಳು. ಕಿಟಕಿಯ ಒಳಗಿದ್ದ ಹೆಂಗಸು ಫಾರ್ಮನ್ನೂ ನನ್ನ ವಾಸದ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎರಡೂ ಒಂದೇ ಇರಬೇಕು ಎಂದು ವಾಪಸು ಕೊಟ್ಟಳು. ಗಂಡನ ಹೆಸರಿನ ಅಡಿಗೆ ಬಂದಾಗ ಕೊಟ್ಟ ಕಾರ್ಡು ಅದು. ಉದ್ಯೋಗದ ಜಾಗದಲ್ಲಿ ಗೃಹಿಣಿ ಎಂದಿದೆ. ಮಗಳು ತನ್ನ ಬ್ಯಾಗಿನಿಂದ ವೈಟ್ನರ್ ತೆಗೆದು ಹಚ್ಚಿದಳು, ಊದಿ ಒಣಗಿಸಿದಳು, ಅದರ ಮೇಲೆ ಹೌಸ್‌ವೈಫ್ ಎಂದು ಗುಂಡಗೆ ಬರೆದು, ಸಹಿ ಹಾಕಲು ನನ್ನ ಕೈಗೆ ಕೊಟ್ಟಳು.

ನಾನು ಸಹಿ ಹಾಕಿದೆ. ಹಾಕಿದ ಮೇಲೆ ನೋಡಿದರೆ, ಹೆಸರಿನ ಮುಂದೆ ‘ಡಾ’ ಎಂದು ಬರೆದಿದ್ದೆ. ಮಗಳೂ ನೋಡಿದಳು. ವೈಟ್ನರಿನ ಬಾಟಲಿಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.